ನಾಲ್ಕು ವರ್ಷ ಐದು ತಿಂಗಳು

ಭಾನುವಾರ ಮಧ್ಯಾಹ್ನ, ಟಿ. ದಾಸರಹಳ್ಳಿಯ ಒಂದು ಮನೆ. ದೊಡ್ಡಪ್ಪ ಜಾಲಹಳ್ಳಿಯ ಎಚ್‌ಎಂಟಿ ಗಡಿಯಾರ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಸವಿತಾ ಪೀಣ್ಯದ ಗಾರ್ಮೆಂಟ್ಸಿನಲ್ಲಿ ಟೈಲರು. ದೊಡ್ಡಮ್ಮ ಅವರೆಕಾಯಿ ಸುಲಿಯುತ್ತ ಕೂತಿದ್ದಾರೆ.

ಸವಿತಾ: ಈ ಪಿಎಫ್ ಫಾರ್ಮ್ ತುಂಬಿಕೊಡಿ ದೊಡ್ಡಪ್ಪ. ನಾಳೆ ರಾಜೀನಾಮೆ ಬರೆದುಕೊಡ್ತೀನಿ.

ದೊಡ್ಡಪ್ಪ: ಕೆಲಸ ಬಿಡ್ತೀಯಾ?

ಸವಿತಾ: ಬಿಟ್ಟ ಹಾಗೆ ಮಾಡೋದು. ದುಡ್ಡು ಎತ್ತಿಕೊಂಡು, ಸ್ವಲ್ಪ ದಿನ ಬಿಟ್ಟು ಅಲ್ಲೇ ಹೊಸ ನಂಬರಿನಲ್ಲಿ ಸೇರಿಕೊಳ್ಳೋದು. ಸಂಘದ ಸಾಲದ ಕಂತು ಕತ್ತಿಗೆ ಬಂದಿದೆ. ಸೂಪರ್‌ವೈಸರೇ ಹೇಳಿಕೊಟ್ಟ ಉಪಾಯ ಇದು.

ದೊಡ್ಡಪ್ಪ: ಸೇರಿ ಎಷ್ಟಾಯ್ತು?

ಸವಿತಾ: ನಾಲ್ಕು ವರ್ಷ ಐದು ತಿಂಗಳು.

ದೊಡ್ಡಪ್ಪ: ಇನ್ನೇಳು ತಿಂಗಳು ತಡಿ. ಐದು ವರ್ಷ ತುಂಬಿದರೆ ಗ್ರಾಚುಟಿ ಬರುತ್ತೆ. ಬೇಸಿಕ್ಕು, ಡಿಎ ಸೇರಿ ನಿನ್ನದು 13,000 ಅಂತ ಇಟ್ಕೋ. ತಿಂಗಳಿಗೆ 26 ದಿನದ ಲೆಕ್ಕ, ಅಂದರೆ ದಿನಕ್ಕೆ 500. ವರ್ಷಕ್ಕೆ 15 ದಿನದ ಸಂಬಳ, 7,500. ಐದು ವರ್ಷಕ್ಕೆ 37,500. ನಾಳೆ ಬರೆದುಕೊಟ್ಟರೆ ಅಷ್ಟೂ ಹೋಯ್ತು, ಹೊಸ ನಂಬರು ಬಂದಮೇಲೆ ಎಣಿಕೆ ಮತ್ತೆ ಸೊನ್ನೆಯಿಂದ. ಇದನ್ನ ನಿಮ್ಮಲ್ಲಿ ಯಾರೂ ಹೇಳಲಿಲ್ವಾ?

ಸವಿತಾ: ಹೇಳೋರು ಯಾರು? ಎಚ್ಚಾರ್ ಮೇಡಮ್ಮಾ?

ದೊಡ್ಡಪ್ಪ: ಅದಕ್ಕೇ ಯೂನಿಯನ್ ಬೇಕು ಅನ್ನೋದು.

ಸವಿತಾ: ಇದಕ್ಕೆ ಯೂನಿಯನ್ ಯಾಕೆ? ನೀವಿದ್ದೀರಲ್ಲ, ಹೇಳಿದ್ರಿ, ಮುಗೀತು.

ದೊಡ್ಡಪ್ಪ: ನಿನಗೆ ದೊಡ್ಡಪ್ಪ ಇದ್ದಾನೆ. ನಿನ್ನ ಪಕ್ಕದ ಮಿಷಿನ್ನಿನವಳಿಗೆ?

ಸವಿತಾ: ಅವಳಿಗೆ ನಾನು ಹೇಳ್ತೀನಿ. ನೋಡಿ ದೊಡ್ಡಪ್ಪ, ಯೂನಿಯನ್ ಇಲ್ಲದೇನೇ ನಾವು ಗೆದ್ದಿದ್ದೀವಿ. 2016ರ ಏಪ್ರಿಲ್‌ನಲ್ಲಿ ಪಿಎಫ್ ಗಲಾಟೆ ಆಯ್ತಲ್ಲ, ನಾನಾಗ ಇನ್ನೊಂದು ಫ್ಯಾಕ್ಟರಿಯಲ್ಲಿ ಹೆಲ್ಪರ್. ಮಾಲೀಕರು ಕಟ್ಟಿದ ಪಾಲನ್ನ 58 ವರ್ಷದವರೆಗೂ ಮುಟ್ಟೋ ಹಾಗಿಲ್ಲ ಅಂತ ದಿಲ್ಲಿಯವರು ರೂಲ್ಸ್ ತಂದಿದ್ದರು. ಮೊದಲ ದಿನ ಹೊಸೂರು ರೋಡ್, ಮಾರನೇ ದಿನ ಪೀಣ್ಯ, ಜಾಲಹಳ್ಳಿ ಕ್ರಾಸ್. ಯಾವ ಲೀಡರೂ ಕರೀಲಿಲ್ಲ, ಲೈನಿಗೆ ಲೈನೇ ಎದ್ದು ಬಂತು. 19ನೇ ತಾರೀಕು ಆದೇಶ ವಾಪಸ್! ನಿಮ್ಮ ಯಾವ ಯೂನಿಯನ್ ಎರಡು ದಿನದಲ್ಲಿ ದಿಲ್ಲಿಯನ್ನ ಬಗ್ಗಿಸಿದೆ?

ದೊಡ್ಡಪ್ಪ: ಯಾವುದೂ ಇಲ್ಲ. ಅವತ್ತು ನಾನೂ ತುಮಕೂರು ರೋಡಿಗೆ ಬಂದು ನಿಂತು ನೋಡಿದೆ, ಮೈ ಜುಮ್ ಅಂತು. ಆದರೆ ನೀವು ಕೇಳಿದ್ದೇನು ಹೇಳು. ‘ಬೇಡ’ ಅಂದಿರಿ. ಗುಂಪಿಗೆ ಬೇಡ ಅನ್ನೋಕೆ ಬರುತ್ತೆ, ಸಾವಿರ ಬಾಯಿ ಸೇರಿ ಒಂದೇ ಮಾತು ಅನ್ನಬಹುದು. ಅದೇ ‘ಇಷ್ಟು ಕೊಡಿ’ ಅನ್ನಬೇಕಾದರೆ? ಎಷ್ಟು ಅಂತ ಒಬ್ಬರು ಕೂತು ಬರೀಬೇಕು. ಅವರು ಅರ್ಧಕ್ಕೆ ಒಪ್ಪಿದರೆ ತಗೋಬೇಕೋ ಬಿಡಬೇಕೋ ಅಂತ ಯಾರೋ ಹೊರಗೆ ಬಂದು ನಿಮ್ಮನ್ನ ಕೇಳಬೇಕು. ಒಪ್ಪಂದಕ್ಕೆ ಸೈ ಆದಮೇಲೆ ಆರು ತಿಂಗಳು ಬಿಟ್ಟು, ಬರೆದದ್ದು ನಡೀತಾ ಇದೆಯಾ ಅಂತ ನೋಡಬೇಕು. ದಿಲ್ಲಿಗೆ ಒಂದು ಆದೇಶ ಹರಿದುಹಾಕಿದರೆ ಆಯ್ತು. ನಿನ್ನ ಫ್ಲೋರಿನ ಟಾರ್ಗೆಟ್ಟು, ಬಾತ್‌ರೂಮಿಗೆ ಹೋದರೆ ಬೈಯೋದು, ಕಡಿಮೆ ಬಿದ್ದ ಓಟಿ, ಇವಕ್ಕೆ ಹರಿಯೋ ಕಾಗದವೇ ಇಲ್ಲ. 20ನೇ ತಾರೀಕು ಏನು ಮಾಡಿದೆ?

ಸವಿತಾ: ಡ್ಯೂಟಿಗೆ ಹೋದೆ.

ದೊಡ್ಡಪ್ಪ: ಎಲ್ಲರೂ ಹೋದರು. ಯೂನಿಯನ್ ಕೆಲಸ ಶುರುವಾಗೋದೇ 20ನೇ ತಾರೀಕು.

ಸವಿತಾ: ಸರಿ, ಒಪ್ಪಿದೆ. ಆದರೆ ಸಂಬಳ ಏರಿಸಿದರೆ ಚಂದಾ ಕೊಟ್ಟವಳಿಗೂ ಏರುತ್ತೆ, ಕೊಡದವಳಿಗೂ ಏರುತ್ತೆ. ನಾನ್ಯಾಕೆ ಚಂದಾ ಕೊಟ್ಟು ಕೆಟ್ಟವಳಾಗಲಿ?

ದೊಡ್ಡಪ್ಪ: ಲೆಕ್ಕ ಸರಿಯಾಗಿದೆ, ತಪ್ಪು ಹುಡುಕೋಕೆ ನನಗಾಗಲ್ಲ. ನಿಮ್ಮ ಲೈನಿನಲ್ಲಿ ಚೀಟಿ ನಡೆಸ್ತೀರಲ್ಲ?

ಸವಿತಾ: ನಾನೇ ನಡೆಸೋದು.

ದೊಡ್ಡಪ್ಪ: ಮೊದಲ ತಿಂಗಳೇ ಚೀಟಿ ಎತ್ತಿದವಳು ಆಮೇಲೆ ಕಂತು ಕಟ್ಟದೇ ಹೋದರೆ ಅವಳಿಗೆ ಲಾಭವೇ. ಆದರೂ ಕಟ್ತಾಳೆ. ಯಾಕೆ?

ಸವಿತಾ: ಎಂಟೂವರೆಗೆ ನನ್ನ ಮುಖ ನೋಡಬೇಕಲ್ಲ!

ದೊಡ್ಡಪ್ಪ: ನೋಡು, ನೀನೇ ಹೇಳಿಬಿಟ್ಟೆ.

ದೊಡ್ಡಮ್ಮ: ಚೀಟಿ ಮುಳುಗೋದೂ ಉಂಟು. ಎಪ್ಪತ್ತೇಳು ದಿನದ್ದೂ ಹೇಳಿ.

ಸವಿತಾ: ಅದೇನು ದೊಡ್ಡಮ್ಮ?

ದೊಡ್ಡಮ್ಮ: 1980ರ ಡಿಸೆಂಬರ್ ಕೊನೆಗೆ ಮುಷ್ಕರ ಶುರು. ಎಚ್‌ಎಎಲ್ಲು, ಬಿಇಎಲ್ಲು, ಐಟಿಐ, ಬಿಇಎಂಎಲ್ಲು, ಇವರದು, ಎಲ್ಲ ಬಂದ್. ಮಾರ್ಚಿನ ತನಕ ಸಂಬಳ ಇಲ್ಲ. ನನ್ನ ಓಲೆ, ಅಮ್ಮ ಕೊಟ್ಟಿದ್ದು, ಸೇಟು ಅಂಗಡಿಗೆ ಹೋಯ್ತು.

ದೊಡ್ಡಪ್ಪ: ಬಿಎಚ್‌ಇಎಲ್‌ನವರ ಸಮ ಸಂಬಳ ಕೇಳಿದ್ವಿ. ಸಿಗಲಿಲ್ಲ.

ಸವಿತಾ: ಸೋತ್ರಿ ಅನ್ನಿ.

ದೊಡ್ಡಪ್ಪ: ಸೋತ್ವಿ.

ಸವಿತಾ: ಕೊನೆಗೆ ಫ್ಯಾಕ್ಟರಿನೂ ಉಳೀಲಿಲ್ಲವಲ್ಲ.

ದೊಡ್ಡಪ್ಪ: 2016ರ ಜನವರಿಯಲ್ಲಿ ಕೇಂದ್ರದ ಸಂಪುಟ ಮುಚ್ಚೋಕೆ ಒಪ್ಪಿತು. ಅಷ್ಟೊತ್ತಿಗೆ ನಾನು ರಿಟೈರಾಗಿದ್ದೆ. ಈ ಜನತಾ ವಾಚು ನೋಡು, ಬೆಳಗ್ಗೆ ಎದ್ದು ಕೀ ಕೊಟ್ಟರೆ ಸಾಕು, ಇವತ್ತಿಗೂ... ಒಳಗಿನ ಬ್ಯಾಲೆನ್ಸ್ ವೀಲು ಕೂರಿಸೋಕೆ ಉಸಿರು ಬಿಗಿ ಹಿಡೀಬೇಕು ಗೊತ್ತಾ...

ದೊಡ್ಡಮ್ಮ: ವಾಚಿಗೆ ಹೋಗಬೇಡಿ. ಹುಡುಗಿ ಕೇಳಿದ್ದಕ್ಕೆ ಹೇಳಿ.

ದೊಡ್ಡಪ್ಪ: ಹೇಳ್ತೀನಿ. ವಾಚು ಕೊಳ್ಳೋರು ಇಲ್ಲದಿದ್ದರೆ ಯೂನಿಯನ್ ಏನೂ ಮಾಡೋಕ್ಕಾಗಲ್ಲ. ಆದರೆ ಸೋತು ವಾಪಸ್ ಹೋದ ದಿನವೂ ನಾನು ಒಬ್ಬನೇ ಗೇಟಿನೊಳಗೆ ಹೋಗಲಿಲ್ಲ. ಇದನ್ನ ಲಾಭ ಅನ್ನಬೇಕೋ ಬೇಡವೋ, ನಿಮ್ಮ ದೊಡ್ಡಮ್ಮನ ಓಲೆ ಮುಂದೆ ಹೇಳೋಕೆ ನಾಚಿಕೆ. ಆದರೂ ಹೇಳ್ತೀನಿ.

ಸವಿತಾ: ನಿಮ್ಮದು ಸರ್ಕಾರದ ಫ್ಯಾಕ್ಟರಿ ದೊಡ್ಡಪ್ಪ. ನಮ್ಮಲ್ಲಿ ಹೆಸರು ಬರೆದುಕೊಳ್ತಾರೆ. ಮಾರನೇ ದಿನ ಕಷ್ಟದ ಆಪರೇಷನ್ನಿಗೆ ಹಾಕ್ತಾರೆ, ಕಾಲರ್‌ಗೋ ಕಫ್‌ಗೋ. ಟಾರ್ಗೆಟ್ ಬರಲ್ಲ, ಬೈತಾರೆ, ನಾವಾಗೇ ಬಿಡ್ತೀವಿ.

ದೊಡ್ಡಪ್ಪ: ಹೆಸರು ಬರೆದುಕೊಳ್ಳೋದು ಹಳೇ ರೋಗ. ನಮ್ಮ ಬಿನ್ನಿಪೇಟೆಗೆ ಹೆಸರು ಕೊಟ್ಟ ಬಿನ್ನಿ ಕಂಪನಿದೇ ಮದ್ರಾಸಿನಲ್ಲೂ ಮಿಲ್ಲುಗಳಿದ್ವು. ಅಲ್ಲಿ 1918ರಲ್ಲಿ ಬಿ.ಪಿ. ವಾಡಿಯಾ ಸಂಘ ಕಟ್ಟಿದರು. ಕಂಪನಿ ಅವರ ಮೇಲೆ ದಾವೆ ಹಾಕಿ ಹೈಕೋರ್ಟಿನಿಂದ ತಡೆ ತಂತು. ಕೂಡಿ ಕೆಲಸ ನಿಲ್ಲಿಸಿ ಅನ್ನೋದೇ ಆಗ ತಪ್ಪು. 1926ರಲ್ಲಿ ಕಾಯಿದೆ ಬಂದಮೇಲೆ, ಏಳು ಜನ ಸೇರಿ ಅರ್ಜಿ ಹಾಕಿದರೆ ಸಂಘ ನೋಂದಾಯಿಸಬಹುದು ಅಂತಾಯ್ತು. ಸಂಘದ ಕೆಲಸಕ್ಕೆ ಪಿತೂರಿ ಕೇಸು ಹಾಕೋ ಹಾಗಿಲ್ಲ ಅಂತಾಯ್ತು. ಒಬ್ಬಳ ಹೆಸರಿದ್ದರೆ ಬರೆದುಕೊಂಡು ತೆಗೀತಾರೆ. ಮುನ್ನೂರು ಹೆಸರಿದ್ದರೆ ಎಲ್ಲರನ್ನೂ ಕಾಲರ್‌ಗೆ ಹಾಕೋಕಾಗುತ್ತಾ?

ಸವಿತಾ: ಮುನ್ನೂರಕ್ಕೆ ಮುಂಚೆ ಒಂದು ಬರಬೇಕಲ್ಲ ದೊಡ್ಡಪ್ಪ. ಆ ಒಂದನೇ ಹೆಸರು ನನ್ನದಾಗಲಾ?

(ದೊಡ್ಡಪ್ಪ ಸುಮ್ಮನೆ ವಾಚಿಗೆ ಕೀ ಕೊಡುತ್ತಾರೆ.)

ದೊಡ್ಡಮ್ಮ: ಹೇಳಿ ಈಗ.

ದೊಡ್ಡಪ್ಪ: ಚೀಟಿಯಲ್ಲಿ ಎಷ್ಟು ಜನ ಇದ್ದೀರಿ?

ಸವಿತಾ: ಹದಿನೆಂಟು. ಅದರಲ್ಲಿ ಇಬ್ಬರು ಸೂಪರ್‌ವೈಸರ್‌ಗೆ ಸುದ್ದಿ ಕೊಡೋರು.

ದೊಡ್ಡಪ್ಪ: ಯಾರು ಅಂತ ಗೊತ್ತಾ?

ಸವಿತಾ: ಒಬ್ಬಳು ಗೊತ್ತು.