ತಲೆ ಬಗ್ಗಿಸುವ ಚಾವಡಿ

ಸಿಟ್ಟು ಬಂದಾಗ ನಾವು ಮೊದಲು ಮಾಡುವ ಕೆಲಸ ಏನು? ಕುಳಿತಲ್ಲಿಂದ ಎದ್ದು ನಿಲ್ಲುತ್ತೇವೆ. ಮುಂದೆ ಊಟದ ತಟ್ಟೆ ಇರಲಿ, ಎದುರಿಗೆ ಹೆತ್ತವರೇ ಇರಲಿ, ಒಮ್ಮೆ ಎದ್ದು ನಿಂತರೆ ದನಿ ತಾನಾಗಿ ಏರುತ್ತದೆ. ಕೆಲವೊಮ್ಮೆ ಕೈಯೂ ಏರುತ್ತದೆ. ಮನುಷ್ಯನ ಈ ಸ್ವಭಾವವನ್ನು ಚೆನ್ನಾಗಿ ಅರಿತ ಜನರು ಪಶ್ಚಿಮ ಆಫ್ರಿಕಾದ ಒಂದು ಬೆಟ್ಟದ ಸೀಮೆಯಲ್ಲಿದ್ದಾರೆ.

ಮಾಲಿ ದೇಶದ ಬಂಡಿಯಾಗರದಲ್ಲಿ ಸುಮಾರು 150 ಕಿಲೋಮೀಟರ್ ಉದ್ದಕ್ಕೆ ಮರಳುಗಲ್ಲಿನ ಕಡಿದಾದ ಬೆಟ್ಟ ಗೋಡೆಯಂತೆ ನಿಂತಿದೆ. ಅದರ ನೆತ್ತಿಯಲ್ಲಿ, ಬುಡದಲ್ಲಿ, ಕೆಳಗಿನ ಬಯಲಿನಲ್ಲಿ ಡೋಗನ್ ಜನರ ಹಳ್ಳಿಗಳಿವೆ. ಅವರಿಗಿಂತ ಮೊದಲು ಅಲ್ಲಿದ್ದ ತೆಲ್ಲೆಮ್ ಜನರು ಎತ್ತರದ ಗುಹೆಗಳಲ್ಲಿ ಕಣಜಗಳನ್ನು ಕಟ್ಟಿದ್ದರು, ಸತ್ತವರನ್ನು ಅಲ್ಲೇ ಇರಿಸಿದ್ದರು. 1989ರಲ್ಲಿ ಯುನೆಸ್ಕೋ ಈ ಸೀಮೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಡೋಗನ್ ಹಳ್ಳಿಯ ನಡುವೆ ‘ತೊಗುನ’ ಎಂಬ ಚಾವಡಿ ಇರುತ್ತದೆ. ಅದಕ್ಕೆ ಗೋಡೆಗಳಿಲ್ಲ. ಕಲ್ಲಿನ ಇಲ್ಲವೇ ಮರದ ಕಂಬಗಳ ಮೇಲೆ ಸಜ್ಜೆಯ ದಂಟನ್ನು ಪದರ ಪದರವಾಗಿ ಒಟ್ಟಿ ದಪ್ಪನೆಯ ಮಾಡು ಮಾಡುತ್ತಾರೆ. ಬಿಸಿಲಿನ ಹೊತ್ತಿನಲ್ಲೂ ಅಡಿಯಲ್ಲಿ ತಂಪು. ಊರಿನ ಹಿರಿಯರು ಅಲ್ಲಿ ಕುಳಿತು ವ್ಯಾಜ್ಯ ತೀರಿಸುತ್ತಾರೆ. ವಿಶೇಷವೆಂದರೆ ಆ ಮಾಡು ಬಹಳ ತಗ್ಗು. ಒಳಗೆ ಬರುವವನು ಬಗ್ಗಿಯೇ ಬರಬೇಕು, ಕುಳಿತೇ ಮಾತನಾಡಬೇಕು. ರೋಷದಿಂದ ಥಟ್ಟನೆ ಎದ್ದರೆ ತಲೆಗೆ ಮಾಡು ಬಡಿಯುತ್ತದೆ!

ಹೊರಗಿನ ಮಾಡು ತಗ್ಗಿದ್ದರೆ ಒಳಗಿನ ಸಿಟ್ಟು ತಗ್ಗುತ್ತದೆಯೇ ಎಂದು ನೀವು ಕೇಳಬಹುದು. ಇಲ್ಲ, ತಾನಾಗಿ ತಗ್ಗುವುದಿಲ್ಲ. ಆದರೆ ಕುಳಿತವನಿಗೆ ಒಂದು ಗಳಿಗೆ ಬಿಡುವು ಸಿಗುತ್ತದೆ. ಆ ಒಂದು ಗಳಿಗೆಯಲ್ಲಿ ಎಷ್ಟೋ ಸಂಸಾರಗಳು ಉಳಿದಿವೆ. ಇನ್ನೊಂದು ಮಾತು: ಈ ಮಾಡು ಬಡವನ ತಲೆಯನ್ನಷ್ಟೇ ಅಲ್ಲ, ಬಲ್ಲಿದನ ತಲೆಯನ್ನೂ ಅಷ್ಟೇ ಬಗ್ಗಿಸುತ್ತದೆ. ನಮ್ಮ ಮನೆಗಳಲ್ಲಿ ‘ತಗ್ಗಿ ನಡೆ’ ಎಂಬ ಬುದ್ಧಿಮಾತು ಸಾಮಾನ್ಯವಾಗಿ ಯಾರ ಪಾಲಿಗೆ ಬರುತ್ತದೆ? ಸೊಸೆಗೆ, ಕಿರಿಯರಿಗೆ, ಕೆಲಸದವರಿಗೆ. ಒಬ್ಬನೇ ತಗ್ಗಿದರೆ ಅದು ಶಾಂತಿಯಲ್ಲ, ದಬ್ಬಾಳಿಕೆ.

ಆದರೆ ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಬೆಟ್ಟದ ಕೆಳಗಿನ ಬಯಲಿನಲ್ಲಿ ಡೋಗನ್ ರೈತರ ನೆರೆಯವರು ಫುಲಾನಿ ದನಗಾಹಿಗಳು. ಕೊಯ್ಲಾದ ಹೊಲದಲ್ಲಿ ಅವರ ದನ ಮೇಯುತ್ತಿದ್ದವು, ಹೊಲಕ್ಕೆ ಗೊಬ್ಬರ ಸಿಗುತ್ತಿತ್ತು. ಹಾಲಿಗೆ ಬದಲು ಧಾನ್ಯ ಸಿಗುತ್ತಿತ್ತು. ದನ ಬೆಳೆಗೆ ನುಗ್ಗಿದರೆ ಎರಡೂ ಕಡೆಯ ಹಿರಿಯರು ಮಾತನಾಡಿ ತೀರಿಸುತ್ತಿದ್ದರು. ಆದರೆ ಉಳುವ ನೆಲ ಹೆಚ್ಚಿ ಮೇವಿನ ನೆಲ ಕಡಿಮೆಯಾಯಿತು. 2012ರಲ್ಲಿ ಉತ್ತರ ಮಾಲಿಯಲ್ಲಿ ದಂಗೆ ಎದ್ದ ಮೇಲೆ ಬಂದೂಕುಗಳು ಈ ಸೀಮೆಗೂ ಬಂದವು. ಎರಡೂ ಕಡೆಯ ಯುವಕರು ಅವನ್ನು ಹಿಡಿದರು. 2019ರ ಮಾರ್ಚ್ 23ರಂದು ಒಗೊಸ್ಸಾಗು ಹಳ್ಳಿಯಲ್ಲಿ 150ಕ್ಕೂ ಹೆಚ್ಚು ಫುಲಾನಿ ಜನರ ಕೊಲೆಯಾಯಿತು. ಅದೇ ಜೂನ್‌ನಲ್ಲಿ ಡೋಗನ್ನರ ಸೊಬಾನೆ ದಾ ಹಳ್ಳಿಯ ಮೇಲೆ ದಾಳಿಯಾಗಿ, ಸರಕಾರದ ಲೆಕ್ಕದಂತೆ 35 ಮಂದಿ ಸತ್ತರು. ಅವರಲ್ಲಿ 24 ಮಂದಿ ಮಕ್ಕಳು.

ಅಷ್ಟು ಒಳ್ಳೆಯ ಚಾವಡಿಯಿದ್ದ ನಾಡಿನಲ್ಲಿ ಹೀಗೇಕಾಯಿತು? ಡೋಗನ್ನರನ್ನು ದೂರಲು ನಾನು ಇದನ್ನು ಕೇಳುತ್ತಿಲ್ಲ, ನಮ್ಮನ್ನೇ ನಾವು ಕೇಳಿಕೊಳ್ಳಬೇಕೆಂದು ಕೇಳುತ್ತಿದ್ದೇನೆ. ಚಾವಡಿಯ ಮಾಡು ಅದರ ಅಡಿಯಲ್ಲಿ ಕುಳಿತವರನ್ನು ಮಾತ್ರ ಬಗ್ಗಿಸಬಲ್ಲದು. ಪರಂಪರೆಯಂತೆ ಅಲ್ಲಿ ಕೂರುವವರು ಆ ಊರಿನ ಗಂಡಸರು. ಹೆಂಗಸರು ಅಲ್ಲಿ ಕೂರುವುದಿಲ್ಲ. ಕಾಡಿನಲ್ಲಿ ಬಂದೂಕು ಹಿಡಿದು ನಿಂತವನ ತಲೆಯ ಮೇಲೆ ಯಾವ ಮಾಡೂ ಇರಲಿಲ್ಲ.

ನಾವೂ ಹಾಗೆಯೇ ಅಲ್ಲವೇ? ಮನೆಯವರೊಡನೆ ತಾಳ್ಮೆ, ನಮ್ಮವರೊಡನೆ ಸಭ್ಯತೆ. ಬೇಲಿಯಾಚೆಯ ನೆರೆಯವನ ವಿಷಯ ಬಂದರೆ ಎದ್ದು ನಿಲ್ಲುತ್ತೇವೆ. ನಮ್ಮನ್ನು ಪ್ರೀತಿಸುವವರನ್ನು ಮಾತ್ರ ಪ್ರೀತಿಸುವುದು ದೊಡ್ಡ ಸಾಧನೆಯೇನೂ ಅಲ್ಲವೆಂದು ನಾವು ಎಷ್ಟು ಸಲ ಕೇಳಿಲ್ಲ!

ಮಕ್ಕಳನ್ನು ಕಳೆದುಕೊಂಡ ತಾಯಿಗೆ ‘ಸುಮ್ಮನೆ ಕುಳಿತುಕೋ’ ಎನ್ನುವುದು ಕ್ರೂರ. ಆಕೆಯ ದೂರನ್ನು ಕೇಳಲೇಬೇಕು, ತಪ್ಪಿತಸ್ಥನಿಗೆ ಶಿಕ್ಷೆಯಾಗಲೇಬೇಕು. ಕುಳಿತು ಮಾತನಾಡುವುದು ನ್ಯಾಯವನ್ನು ಬಿಟ್ಟುಕೊಡಲು ಅಲ್ಲ, ನ್ಯಾಯ ಕೇಳಿಸಲಿ ಎಂದು. 2021ರ ಜನವರಿಯಲ್ಲಿ ಅದೇ ಬಯಲಿನ ಕೊರೊ ಸೀಮೆಯಲ್ಲಿ ಡೋಗನ್ ಮತ್ತು ಫುಲಾನಿ ಮುಖಂಡರು ಎದುರುಬದುರು ಕುಳಿತು ಒಪ್ಪಂದಗಳಿಗೆ ಸಹಿ ಹಾಕಿದರು. ಅದರಿಂದ ಹಿಂಸೆ ಪೂರ್ತಿ ನಿಲ್ಲಲಿಲ್ಲ, ನಿಜ. ಆದರೂ ಅಷ್ಟು ರಕ್ತ ಹರಿದ ಮೇಲೂ ಅವರು ಕೂರಲು ಒಪ್ಪಿದರು.

ಹಾಗಾದರೆ ಒಂದು ಆಸ್ತಿಯ ಗಡಿಗಾಗಿ, ಒಂದು ಮದುವೆಯ ಮಾತಿಗಾಗಿ ವರ್ಷಗಟ್ಟಲೆ ಮಾತು ಬಿಟ್ಟಿರುವ ನಾವು? ಈ ವಾರ ಅಂಥ ಒಬ್ಬರನ್ನು ಮನೆಗೆ ಕರೆಯಿರಿ. ಅವರು ಕೂರುವ ಮೊದಲು ನೀವು ಕುಳಿತುಕೊಳ್ಳಿ.