ಹಿಡಿದುಕೊಂಡ ಗಾಡಿ

ನಮ್ಮ ಮನೆಯ ಪಿಕಪ್ 2006ನೇ ಇಸವಿಯದು. ತೀರ್ಥಹಳ್ಳಿ ಪೇಟೆಗೆ ಅಡಿಕೆ ಮೂಟೆ ಒಯ್ಯುವುದೂ ಅದೇ, ಹೆಬ್ರಿ ಕಡೆಯಿಂದ ಕೆಂಪುಕಲ್ಲು ತರುವುದೂ ಅದೇ. ಹೋದ ದೀಪಾವಳಿ ಕಳೆದ ಮೇಲೆ ಅದು ಎಳೆಯುವುದನ್ನೇ ಬಿಟ್ಟಿತು. ಸೋಮೇಶ್ವರದಿಂದ ಆಗುಂಬೆಗೆ ಹತ್ತುವ 14 ತಿರುವುಗಳಲ್ಲಿ ಮೊದಲು ಎರಡನೇ ಗೇರಿನಲ್ಲಿ ಬರುತ್ತಿದ್ದ ಕಡೆಯೆಲ್ಲ ಈಗ ಮೊದಲನೇ ಗೇರು ಬೇಕು. ಲೀಟರಿಗೆ 12 ಕಿಲೋಮೀಟರ್ ಕೊಡುತ್ತಿದ್ದದ್ದು 9ಕ್ಕೆ ಇಳಿಯಿತು.

ಗಾಡಿ ಓಡಿಸುತ್ತಿದ್ದವನು ಆರು ವರ್ಷದಿಂದ ನಮ್ಮಲ್ಲೇ ಇದ್ದ ಹುಡುಗ. ಏನಾಗಿದೆ ಎಂದು ಕೇಳಿದಾಗ, ‘ಗಾಡಿ ಹಿಡ್ಕೊಂಡಂಗೆ ಆಗ್ತದೆ ಅಣ್ಣಾ’ ಅಂದ. ನನಗೆ ಅದೊಂದು ಉತ್ತರ ಅನ್ನಿಸಲೇ ಇಲ್ಲ, ನೆಪ ಅನ್ನಿಸಿತು. ಪೇಟೆಯ ಒಂದು ಗ್ಯಾರೇಜಿನಲ್ಲಿ ಡೀಸೆಲ್ ಪಂಪ್ ಬಿಚ್ಚಬೇಕು, ಇಪ್ಪತ್ತು ಸಾವಿರ ಇಟ್ಟುಕೊಳ್ಳಿ ಅಂದರು. ಅಷ್ಟು ದುಡ್ಡು ಸುರಿಯುವ ಮೊದಲು ಮನಸ್ಸು ಬೇರೆ ಲೆಕ್ಕ ಹಾಕಿತು. ಡೀಸೆಲ್ ಜಾಸ್ತಿ ಖರ್ಚಾಗುತ್ತಿದೆ, ಹಾಗಾದರೆ ಯಾರೋ ತೆಗೆಯುತ್ತಿದ್ದಾರೆ. ಗಾಡಿ ಎಳೆಯುತ್ತಿಲ್ಲ, ಹಾಗಾದರೆ ದಾರಿಯಲ್ಲಿ ಬೇರೆಯವರ ಲೋಡನ್ನೂ ಹೇರಿಕೊಳ್ಳುತ್ತಿದ್ದಾನೆ. ಎರಡು ಲಕ್ಷಣಕ್ಕೂ ಒಬ್ಬನೇ ಮನುಷ್ಯ ಸರಿಹೊಂದಿದ. ಕಳ್ಳ ಅನ್ನಲಿಲ್ಲ, ಅಷ್ಟು ಧೈರ್ಯವೂ ನನಗಿರಲಿಲ್ಲ. ‘ಡೀಸೆಲ್ ಎಲ್ಲಿಗೆ ಹೋಗ್ತಿದೆ ಅಂತ ನಿಂಗೇ ಗೊತ್ತು’ ಅಂದೆ, ಸಂಬಳದಲ್ಲಿ 1,500 ರೂಪಾಯಿ ಹಿಡಿದೆ. ಮಾರನೇ ದಿನ ಅವನು ಜಗಲಿಯ ಮೇಲೆ ಕೀ ಇಟ್ಟು ಹೋದ.

ಗಾಡಿ ಮಾತ್ರ ಹಾಗೇ ಇತ್ತು. ನಾನೇ ಓಡಿಸಿದರೂ ಎಳೆಯಲಿಲ್ಲ.

ಕೊನೆಗೆ ತೋರಿಸಿದ್ದು ಕೆಲಸ ಕಡಿಮೆ ಮಾಡಿರುವ ಒಬ್ಬ ಮುದುಕ ಮೇಸ್ತ್ರಿಗೆ. ಅವರು ಬಾನೆಟ್ ಎತ್ತಲಿಲ್ಲ. ನಿಂತಲ್ಲೇ ಆಕ್ಸಿಲರೇಟರ್ ಒತ್ತಿಸಿ ಹೊಗೆ ನೋಡಿದರು. ಗಾಳಿ ಸಾಲದಿದ್ದರೆ ಕಪ್ಪು ಹೊಗೆ, ಆಯಿಲ್ ಸುಡುತ್ತಿದ್ದರೆ ನೀಲಿ. ಇದರಲ್ಲಿ ಎರಡೂ ಇರಲಿಲ್ಲ. ಆಮೇಲೆ ಅಂಗಳದ ಮಟ್ಟಸ ಜಾಗದಲ್ಲಿ ನ್ಯೂಟ್ರಲ್ ಮಾಡಿಸಿ, ‘ತಳ್ಳಿ ಗೌಡ್ರೆ’ ಅಂದರು. ಇಬ್ಬರು ತಳ್ಳಿದರೂ ಕದಲಲಿಲ್ಲ. ಹಿಂದಿನ ಎಡಗಡೆ ಚಕ್ರದ ಡ್ರಮ್ಮಿನ ಹತ್ತಿರ ಕೈ ಒಯ್ದು ಹಿಂದಕ್ಕೆಳೆದುಕೊಂಡರು. ಜಾಕ್ ಕೊಟ್ಟು ಎತ್ತಿದ ಮೇಲೂ ಆ ಚಕ್ರ ಕೈಯಲ್ಲಿ ತಿರುಗಲಿಲ್ಲ. ಹ್ಯಾಂಡ್‌ಬ್ರೇಕಿನ ಕೇಬಲ್ಲು ಅದರ ಕೊಳವೆಯೊಳಗೆ ತುಕ್ಕು ಹಿಡಿದು ಸಿಕ್ಕಿಕೊಂಡಿತ್ತು. ಲಿವರ್ ಕೆಳಗೆ ಬಿಟ್ಟರೂ ಬ್ರೇಕು ಬಿಡುತ್ತಿರಲಿಲ್ಲ. ‘ಎಂಜಿನ್ನಿಗೆ ಏನೂ ಆಗಿಲ್ಲ. ಪಾಪ, ಬ್ರೇಕ್ ಹಾಕ್ಕೊಂಡೇ ಘಾಟಿ ಹತ್ತಿದೆ’ ಅಂದರು.

ಮಳೆಗಾಲದ ನಾಲ್ಕು ತಿಂಗಳು ಗಾಡಿ ಹೆಚ್ಚಾಗಿ ನಮ್ಮ ಇಳಿಜಾರು ಅಂಗಳದಲ್ಲೇ ನಿಂತಿರುತ್ತದೆ. ಗೇರಿನಲ್ಲಿ ಹಾಕಿ ಚಕ್ರಕ್ಕೊಂದು ಕಲ್ಲು ಕೊಟ್ಟರೆ ಸಾಕು ಅನ್ನುತ್ತಿದ್ದವನು ಆ ಹುಡುಗ. ಹ್ಯಾಂಡ್‌ಬ್ರೇಕ್ ಗಟ್ಟಿಯಾಗಿ ಎಳೆದೇ ಬಿಡಬೇಕು ಎಂದು ಗದರುತ್ತಿದ್ದವನು ನಾನು. ಅವನು ಎಳೆಯದ ದಿನ ನಾನೇ ಹೋಗಿ ಎಳೆದು ಬರುತ್ತಿದ್ದೆ.

ಗಾಡಿ ಹಿಡ್ಕೊಂಡಂಗೆ ಆಗ್ತದೆ ಎಂದು ಅವನು ಹೇಳಿದ್ದು ಅಕ್ಷರಶಃ ನಿಜ. ಇಪ್ಪತ್ತು ಸಾವಿರ ಕೇಳಿದ ಗ್ಯಾರೇಜಿಗಿಂತ ಅವನ ರೋಗನಿರ್ಣಯವೇ ಸರಿಯಿತ್ತು. ಖರ್ಚಿಲ್ಲದೆ ನೋಡಬಹುದಾದ್ದನ್ನು ಮೊದಲು ನೋಡಬೇಕು ಎಂಬುದು ಮೇಸ್ತ್ರಿಗಳ ಪದ್ಧತಿ. ಒಂದು ರೀತಿಯಲ್ಲಿ ನಾನು ಮಾಡಿದ್ದೂ ಅದನ್ನೇ. ನನ್ನ ಕೈಗೆ ಅತ್ಯಂತ ಅಗ್ಗವಾಗಿ ಸಿಕ್ಕಿದ್ದು ಒಬ್ಬ ಡ್ರೈವರನ ಮಾನ.

ಒಂದು ಪ್ರಶ್ನೆ ಮಾತ್ರ ಇನ್ನೂ ಬಿಟ್ಟಿಲ್ಲ. ಅವನು ನಿಜಕ್ಕೂ ಡೀಸೆಲ್ ಕದ್ದಿದ್ದರೆ ನಾನು ಮಾಡಿದ್ದು ಸರಿಯಾಗುತ್ತಿತ್ತೇ? ಇಂಗ್ಲೆಂಡಿನ ಗಣಿತಜ್ಞ ವಿಲಿಯಂ ಕ್ಲಿಫರ್ಡ್ 1877ರ ತನ್ನ ಪ್ರಬಂಧವೊಂದರಲ್ಲಿ ಒಬ್ಬ ಹಡಗಿನ ಮಾಲೀಕನ ಕತೆ ಹೇಳುತ್ತಾನೆ. ಹಳೆಯ ಹಡಗು, ರಿಪೇರಿ ಬೇಕೇನೋ ಎಂಬ ಅನುಮಾನ. ಇಷ್ಟು ಯಾನ ಮುಗಿಸಿ ಬಂದಿದೆ, ಈ ಸಲವೂ ಬರುತ್ತದೆ ಎಂದು ಮಾಲೀಕ ತನ್ನನ್ನು ತಾನೇ ನಂಬಿಸಿಕೊಂಡು ಜನರನ್ನು ಹತ್ತಿಸಿ ಕಳಿಸುತ್ತಾನೆ. ಹಡಗು ಮುಳುಗುತ್ತದೆ. ಮುಳುಗದೆ ಕ್ಷೇಮವಾಗಿ ದಡ ಸೇರಿದ್ದರೂ ಅವನ ತಪ್ಪು ಒಂದಿಷ್ಟೂ ಕಡಿಮೆಯಾಗುತ್ತಿರಲಿಲ್ಲ ಎನ್ನುತ್ತಾನೆ ಕ್ಲಿಫರ್ಡ್. ಆ ನಂಬಿಕೆಗೆ ಅವನ ಬಳಿ ಆಧಾರವಿರಲಿಲ್ಲ, ಪರೀಕ್ಷಿಸುವ ಕಷ್ಟ ತಪ್ಪಿಸಿಕೊಳ್ಳಲು ಅದನ್ನು ಬೆಳೆಸಿಕೊಂಡಿದ್ದ.

ಇದನ್ನು ಒಪ್ಪುವುದು ಸುಲಭವಲ್ಲ. ಊಹೆ ಸರಿಯಾಗಿ ಬಂದಾಗ ನಾವು ಅದನ್ನು ಅನುಭವ ಅನ್ನುತ್ತೇವೆ, ‘ನಂಗೆ ಆವತ್ತೇ ಗೊತ್ತಿತ್ತು’ ಅನ್ನುತ್ತೇವೆ. ಅನುಮಾನ ಪಡುವುದೇ ತಪ್ಪು ಎಂದು ಈಗಲೂ ನಾನು ಹೇಳಲಾರೆ. ಆ ಮುದುಕ ಮೇಸ್ತ್ರಿಯ ಕಸುಬೇ ಅನುಮಾನ. ಆದರೆ ಅವರು ಪ್ರತಿ ಅನುಮಾನವನ್ನೂ ಕೈಯಿಟ್ಟು ನೋಡಿದರು, ಕೈ ಸುಟ್ಟುಕೊಂಡರು. ನಾನು ಒಂದೇ ಒಂದು ಸಲ ಟ್ಯಾಂಕಿಗೆ ಕಡ್ಡಿ ಇಳಿಸಿ ಅಳತೆ ನೋಡಿರಲಿಲ್ಲ. ನೋಡಿದ್ದರೆ ಸಂಶಯ ಹೋಗಿಬಿಡುತ್ತಿತ್ತು. ಬಹುಶಃ ಅದು ಹೋಗುವುದು ನನಗೇ ಬೇಕಿರಲಿಲ್ಲ. ಹೋದರೆ ಇಪ್ಪತ್ತು ಸಾವಿರ ಕೊಡಬೇಕಿತ್ತಲ್ಲ.

ಕೇಬಲ್ ಬದಲಿಸಿದ ವಾರ ಅವನ ಮನೆಗೆ ಹೋದೆ. ಬೇರೆ ಕಡೆ ಕೆಲಸಕ್ಕೆ ಸೇರಿದ್ದ. ಹಿಡಿದಿದ್ದ ದುಡ್ಡು ಕೊಟ್ಟು, ಆದದ್ದನ್ನೆಲ್ಲ ಹೇಳಿ, ತಪ್ಪಾಯ್ತು ಅಂದೆ. ದುಡ್ಡನ್ನು ಎಣಿಸದೆ ಜೇಬಿಗೆ ಹಾಕಿಕೊಂಡ. ಅವನ ತಾಯಿ ಕಾಫಿ ತಂದಿಟ್ಟರು, ಕೂತು ಮಾತಾಡಲಿಲ್ಲ.

‘ಯಾವ ಚಕ್ರ ಅಣ್ಣಾ?’ ಅಂತ ಕೇಳಿದ.

‘ಹಿಂದಿನ ಎಡಗಡೇದು.’

‘ಹೌದು, ಆ ಕಡೆಯಿಂದ್ಲೇ ವಾಸನೆ ಬರ್ತಿತ್ತು’ ಅಂದ.

ವಾಪಸ್ ಬರ್ತೀಯಾ ಎಂದು ಕೇಳಬೇಕು ಅಂತಲೇ ಹೋಗಿದ್ದೆ. ಕಾಫಿ ಕುಡಿದು ಎದ್ದು ಬಂದೆ.