ಸೋಲಿನ ಮರುದಿನ



ಒಬ್ಬ ಮನುಷ್ಯನ ವಿಶ್ವಾಸ ಎಷ್ಟು ಗಟ್ಟಿಯೆಂಬುದು ಅವನು ಸೋತ ದಿನ ತಿಳಿಯುವುದಿಲ್ಲ, ಮರುದಿನ ತಿಳಿಯುತ್ತದೆ. ಸೋತ ದಿನ ಯಾರಿಗಾದರೂ ಕಣ್ಣೀರು ಬರುತ್ತದೆ. ಪ್ರವಾದಿವರ್ಯರು(ಸ) ತಮ್ಮ ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡಾಗ ಕಣ್ಣೀರಿಟ್ಟರು. ಆದ್ದರಿಂದ ದುಃಖವು ವಿಶ್ವಾಸದ ಕೊರತೆಯಲ್ಲ. ಆದರೆ ಮರುದಿನ ಬೆಳಗಾದಾಗ ಆತ ಯಾವ ಕಡೆಗೆ ಮುಖ ಮಾಡಿ ಏಳುತ್ತಾನೆ? ವಿಚಾರಿಸಬೇಕಾದುದು ಇದನ್ನು.

ಎಂ.ಬಿ.ಎ. ಕಲಿಯಬಯಸುವ ನಮ್ಮ ದೇಶದ ಲಕ್ಷಾಂತರ ಯುವಕ ಯುವತಿಯರು ಸಾಮಾನ್ಯವಾಗಿ ನವೆಂಬರ್ ತಿಂಗಳ ಕೊನೆಯ ಭಾನುವಾರ ಕ್ಯಾಟ್ ಪರೀಕ್ಷೆ ಬರೆಯುತ್ತಾರೆ. ಬೆಂಗಳೂರು, ಅಹ್ಮದಾಬಾದ್, ಕಲ್ಕತ್ತಾ ಮುಂತಾದ ಐ.ಐ.ಎಂ.ಗಳಿಗೆ ಇದೇ ಮುಖ್ಯ ಬಾಗಿಲು. 2024ರಲ್ಲಿ ಸುಮಾರು 2.93 ಲಕ್ಷ ಮಂದಿ ಇದನ್ನು ಬರೆದರು. ನೂರಕ್ಕೆ ನೂರು ಪರ್ಸೆಂಟೈಲ್ ಪಡೆದವರು 14 ಮಂದಿ ಮಾತ್ರ. ಆ ಸಂಸ್ಥೆಗಳಲ್ಲಿರುವ ಸೀಟುಗಳು ಕೆಲವೇ ಸಾವಿರ. ಹೀಗಿರುವಾಗ ಪ್ರತಿ ವರ್ಷವೂ ಫಲಿತಾಂಶದ ದಿನ ನಗುವ ಮನೆಗಳಿಗಿಂತ ಮೌನವಾಗುವ ಮನೆಗಳೇ ಬಹಳ ಹೆಚ್ಚು. ಅವುಗಳಲ್ಲಿ ನಮ್ಮ ಮನೆಗಳೂ ಇವೆ.

ಅಂತಹ ಮನೆ ಹೇಗಿರುತ್ತದೆಂದು ನಿಮಗೆ ಗೊತ್ತು. ತಂದೆ ಗಲ್ಫಿನಲ್ಲಿ ದುಡಿದು ಕಳುಹಿಸಿದ ಹಣದಿಂದಲೋ ತಾಯಿ ತೆಗೆದಿರಿಸಿದ ಬಳೆಯಿಂದಲೋ ಕೋಚಿಂಗ್ ಶುಲ್ಕ ಕಟ್ಟಲಾಗಿದೆ. ಫಲಿತಾಂಶದಲ್ಲಿ 82 ಪರ್ಸೆಂಟೈಲ್ ಎಂದಿದೆ. ಮನೆಗೆ ಬಂದ ನೆಂಟರು, ನೂರಕ್ಕೆ ಎಂಬತ್ತೆರಡು ಬಂದಿದೆಯಲ್ಲಾ ಎಂದು ಸಂತೋಷಪಡುತ್ತಾರೆ. ಅದು ಅಂಕವಲ್ಲ, ಪರೀಕ್ಷೆ ಬರೆದ ಪ್ರತಿ ನೂರು ಮಂದಿಯಲ್ಲಿ 82 ಮಂದಿ ತನಗಿಂತ ಹಿಂದಿದ್ದಾರೆಂದಷ್ಟೇ ಅರ್ಥ, ದೊಡ್ಡ ಐ.ಐ.ಎಂ.ಗಳ ಕರೆ ಬರಲು ಇದು ಸಾಲದು ಎಂದು ವಿವರಿಸುವ ಶಕ್ತಿಯೂ ಆ ಹುಡುಗನಲ್ಲಿ ಉಳಿದಿಲ್ಲ. ಅವನು ಮದುವೆ ಮನೆಗಳಿಗೆ ಹೋಗುವುದನ್ನು ಬಿಡುತ್ತಾನೆ. ಗೆಳೆಯರ ಫೋನ್ ಎತ್ತುವುದಿಲ್ಲ. ರಾತ್ರಿ ಬಹಳ ಹೊತ್ತು ಎಚ್ಚರವಿದ್ದು ಫಜ್ರ್ ನಮಾಝನ್ನೂ ಕಳೆದುಕೊಳ್ಳುತ್ತಾನೆ. ಒಂದು ಸೀಟು ಹೋದುದು ಚಿಕ್ಕ ನಷ್ಟ. ಅದರ ಹಿಂದೆಯೇ ನಮಾಝ್, ಬಂಧುತ್ವ, ಆತ್ಮಗೌರವ ಎಲ್ಲವೂ ಹೊರಟುಹೋಗುವುದು ದೊಡ್ಡ ನಷ್ಟ.

ಉಹುದ್ ಕಲಿಸಿದ ಪಾಠ

ಹಿಜರಿ ಮೂರನೇ ವರ್ಷ, ಅಂದರೆ ಕ್ರಿ.ಶ. 625ರಲ್ಲಿ, ಮದೀನದ ಹೊರಗಿನ ಉಹುದ್ ಬೆಟ್ಟದ ಬಳಿ ಮುಸ್ಲಿಮರು ದೊಡ್ಡ ಹಿನ್ನಡೆ ಅನುಭವಿಸಿದರು. ಪ್ರವಾದಿವರ್ಯರು(ಸ) ಐವತ್ತು ಮಂದಿ ಬಿಲ್ಲುಗಾರರನ್ನು ಒಂದು ಗುಡ್ಡದ ಮೇಲೆ ನಿಲ್ಲಿಸಿ, ಏನೇ ಆದರೂ ಸ್ಥಳ ಬಿಡಬಾರದೆಂದು ಆಜ್ಞಾಪಿಸಿದ್ದರು. ಗೆಲುವು ಕಣ್ಣಿಗೆ ಕಂಡ ಕೂಡಲೇ ಅವರಲ್ಲಿ ಹೆಚ್ಚಿನವರು ಕೆಳಗಿಳಿದರು. ಶತ್ರುಗಳು ಹಿಂದಿನಿಂದ ನುಗ್ಗಿದರು. ಸುಮಾರು ಎಪ್ಪತ್ತು ಮಂದಿ ಹುತಾತ್ಮರಾದರು. ಸ್ವತಃ ಪ್ರವಾದಿವರ್ಯರು(ಸ) ಗಾಯಗೊಂಡರು.

ಇದು ಹೇಗೆ ಸಂಭವಿಸಿತೆಂದು ಜನರು ಬೆರಗಾಗಿ ಕೇಳಿದರು. ಪವಿತ್ರ ಕುರ್‌ಆನಿನ ಆಲಿ ಇಮ್ರಾನ್ ಅಧ್ಯಾಯವು ಇದಕ್ಕೆ ಎರಡು ಉತ್ತರಗಳನ್ನು ಒಂದರ ಬೆನ್ನಿಗೆ ಒಂದರಂತೆ ನೀಡುತ್ತದೆ. ಇದು ನಿಮ್ಮ ಕಡೆಯಿಂದಲೇ ಬಂದುದೆಂಬುದು ಮೊದಲನೆಯದು. ಸಂಭವಿಸಿದ್ದು ಅಲ್ಲಾಹನ ಅನುಮತಿಯಿಂದಲೇ ಎಂಬುದು ಎರಡನೆಯದು. ಸೋತವನಿಗೆ ಬೇಕಾದ ಔಷಧ ಇವೆರಡು ಉತ್ತರಗಳು ಕೂಡಿದಲ್ಲಿದೆ. ಮೊದಲನೆಯದನ್ನು ಮಾತ್ರ ಹಿಡಿದವನು ತನ್ನನ್ನೇ ನಿಂದಿಸಿಕೊಳ್ಳುತ್ತಾ ಸವೆದುಹೋಗುತ್ತಾನೆ. ಎರಡನೆಯದನ್ನು ಮಾತ್ರ ಹಿಡಿದವನು, ನಸೀಬಿನಲ್ಲಿ ಇರಲಿಲ್ಲ ಎಂದು ಕೈಕಟ್ಟಿ ಕೂರುತ್ತಾನೆ. ಎರಡನ್ನೂ ಹಿಡಿದವನು ತಪ್ಪನ್ನು ಗುರುತಿಸುತ್ತಾನೆ, ಆದರೆ ಅದರ ಭಾರದಡಿ ಕುಸಿಯುವುದಿಲ್ಲ. ವಿಧಿಯಲ್ಲಿ ವಿಶ್ವಾಸವಿಡುವುದು ಕಳೆದುಹೋದುದರ ಬಗ್ಗೆ ಮನಸ್ಸಿಗೆ ಸಮಾಧಾನ ತಂದುಕೊಳ್ಳಲಿಕ್ಕೇ ಹೊರತು ಬರಲಿರುವುದರ ಬಗ್ಗೆ ಸೋಮಾರಿತನ ಮಾಡಲಿಕ್ಕಲ್ಲ.

ಮರುದಿನ ಏನಾಯಿತು ಗೊತ್ತೇ? ಗಾಯದ ನೋವು ಆರುವ ಮೊದಲೇ ಪ್ರವಾದಿವರ್ಯರು(ಸ) ಶತ್ರುಗಳನ್ನು ಹಿಂಬಾಲಿಸಲು ಕರೆಯಿತ್ತರು. ಹಿಂದಿನ ದಿನ ಉಹುದ್‌ನಲ್ಲಿದ್ದವರೇ ಬರಬೇಕೆಂದರು. ನೊಂದವರು, ರಕ್ತ ಸುರಿಸಿದವರು ಎದ್ದು ಹೊರಟು ಮದೀನದಿಂದ ಕೆಲವು ಮೈಲು ದೂರದ ಹಮ್ರಾಉಲ್ ಅಸದ್ ಎಂಬಲ್ಲಿ ಬೀಡುಬಿಟ್ಟರು. ಶತ್ರುಗಳು ಮತ್ತೆ ಮದೀನದ ಮೇಲೆರಗುವ ಯೋಚನೆ ಬಿಟ್ಟು ಮಕ್ಕಾದ ದಾರಿ ಹಿಡಿದರು. ಪ್ರವಾದಿವರ್ಯರು(ಸ) ಹೊಸ ಜನರನ್ನು ಹುಡುಕಲಿಲ್ಲ. ಸೋತವರನ್ನೇ ಎಬ್ಬಿಸಿದರು.

ಪರಿಶೀಲನೆಯೇ ಬೇರೆ, ಹಳಹಳಿಕೆಯೇ ಬೇರೆ

ನಮಗೆ ಉಪಕಾರಿಯಾದುದನ್ನು ಆಶಿಸಿ ಶ್ರಮಿಸಬೇಕು, ಅಲ್ಲಾಹನ ನೆರವು ಬೇಡಬೇಕು, ದುರ್ಬಲರಾಗಬಾರದು ಎಂದು ಪ್ರವಾದಿವರ್ಯರು(ಸ) ಕಲಿಸಿರುವುದನ್ನು ಹಝ್ರತ್ ಅಬೂ ಹುರೈರಾ(ರ) ವರದಿ ಮಾಡಿದ್ದಾರೆ. ಹಾಗೆ ಮಾಡಿದ್ದರೆ ಹೀಗಾಗುತ್ತಿತ್ತು ಎಂಬ ಮಾತು ಸೈತಾನನ ಕೆಲಸಕ್ಕೆ ಬಾಗಿಲು ತೆರೆಯುತ್ತದೆ ಎಂಬ ಎಚ್ಚರಿಕೆಯೂ ಅದರಲ್ಲಿದೆ. ಹಾಗಾದರೆ ತಪ್ಪುಗಳನ್ನು ನೋಡಲೇಬಾರದೇ? ಖಂಡಿತ ನೋಡಬೇಕು. ಹಳಹಳಿಕೆ ಹಿಂದಿನ ದಿನವನ್ನೇ ಸುತ್ತುತ್ತದೆ. ಪರಿಶೀಲನೆಯು ನಾಳೆ ಏನು ಮಾಡಬೇಕೆಂದು ಕೇಳುತ್ತದೆ.

ಆದ್ದರಿಂದ ಫಲಿತಾಂಶದ ಹಾಳೆಯನ್ನು ಮಡಚಿ ಒಳಗಿಡಬೇಡಿ. ಅದರಲ್ಲಿ ಭಾಷೆ, ಮಾಹಿತಿ ಮತ್ತು ತರ್ಕ, ಗಣಿತ ಎಂಬ ಮೂರು ವಿಭಾಗಗಳ ಲೆಕ್ಕ ಬೇರೆ ಬೇರೆಯಾಗಿಯೇ ಇರುತ್ತದೆ. ಒಂದೊಂದಕ್ಕೂ ಸಿಗುವುದು ನಲ್ವತ್ತು ನಿಮಿಷ. ಮೂರರಲ್ಲಿ ಎಡವಿದ್ದು ಯಾವುದರಲ್ಲಿ? ಸರಿ ಉತ್ತರಕ್ಕೆ ಮೂರು ಅಂಕ ಸಿಕ್ಕರೆ, ಆಯ್ಕೆಗಳಿರುವ ಪ್ರಶ್ನೆಗೆ ತಪ್ಪು ಉತ್ತರಿಸಿದಾಗ ಒಂದು ಅಂಕ ಹೋಗುತ್ತದೆ. ಅವಸರದಿಂದ ಊಹಿಸಿ ಕಳಕೊಂಡ ಅಂಕಗಳೆಷ್ಟು? ಅರಿಯದೆ ತಪ್ಪಿದವನಿಗೆ ಪಾಠ ಬೇಕು, ಅರಿತೂ ಸಮಯ ಸಾಲದವನಿಗೆ ಅಭ್ಯಾಸ ಬೇಕು, ಗಾಬರಿಯಿಂದ ತಪ್ಪಿದವನಿಗೆ ಮನಸ್ಸಿನ ಸ್ಥಿಮಿತ ಬೇಕು. ರೋಗ ಯಾವುದೆಂದು ತಿಳಿಯದೆ, ಮುಂದಿನ ಸಲ ಇನ್ನೂ ಹೆಚ್ಚು ಓದುತ್ತೇನೆ ಎನ್ನುವುದು ಔಷಧವಲ್ಲ.

ಈ ಪರೀಕ್ಷೆಯನ್ನು ಎಷ್ಟು ಸಲ ಬೇಕಾದರೂ ಬರೆಯಬಹುದು. ಇದೊಂದೇ ದಾರಿಯೂ ಅಲ್ಲ. ಜಮ್ಶೆಡ್‌ಪುರದ ಎಕ್ಸ್.ಎಲ್.ಆರ್.ಐ. ನಡೆಸುವ ಕ್ಸಾಟ್ ಇದೆ. ನಮ್ಮ ರಾಜ್ಯದ ಕಾಲೇಜುಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪಿ.ಜಿ.ಸಿ.ಇ.ಟಿ. ಇದೆ. ಮತ್ತೊಮ್ಮೆ ಬರೆಯಬೇಕೇ, ಒಂದೆರಡು ವರ್ಷ ದುಡಿದು ಅನುಭವ ಪಡೆಯಬೇಕೇ, ಬೇರೆ ಕಾಲೇಜು ಸೇರಬೇಕೇ ಎಂಬ ಗೊಂದಲವಿದ್ದರೆ ತಿಳಿದವರೊಡನೆ ಸಮಾಲೋಚಿಸಿ, ಎರಡು ರಕಅತ್ ಇಸ್ತಿಖಾರಾ ನಮಾಝ್ ನಿರ್ವಹಿಸಿ. ಬಳಿಕ ನಿರ್ಧರಿಸಿ ಹೆಜ್ಜೆಯಿಡಿ.

ಮಾರುಕಟ್ಟೆಯ ದಾರಿ ಕೇಳಿದವರು

ವ್ಯಾಪಾರದಲ್ಲಿ ಮೇಲೇರಬೇಕೆಂಬ ಆಸೆ ತಪ್ಪಲ್ಲ. ಪ್ರವಾದಿವರ್ಯರು(ಸ) ಸ್ವತಃ ವ್ಯಾಪಾರ ಮಾಡಿದ್ದರು. ಹಝ್ರತ್ ಖದೀಜಾ(ರ) ಮಕ್ಕಾದ ಹೆಸರಾಂತ ವ್ಯಾಪಾರಿಯಾಗಿದ್ದರು. ಹಝ್ರತ್ ಅಬ್ದುರ್‍ರಹ್ಮಾನ್ ಬಿನ್ ಔಫ್(ರ) ಮಕ್ಕಾದಲ್ಲಿ ಎಲ್ಲವನ್ನೂ ಬಿಟ್ಟು ಬರಿಗೈಯಲ್ಲಿ ಮದೀನಕ್ಕೆ ಬಂದಾಗ, ಅನ್ಸಾರಿ ಸಹೋದರ ಸಅದ್ ಬಿನ್ ರಬೀಅ್(ರ) ತಮ್ಮ ಸಂಪತ್ತಿನಲ್ಲಿ ಅರ್ಧ ಕೊಡಲು ಮುಂದಾದರು. ಅಬ್ದುರ್‍ರಹ್ಮಾನ್(ರ) ಅವರಿಗಾಗಿ ಪ್ರಾರ್ಥಿಸಿ, ಮಾರುಕಟ್ಟೆಗೆ ದಾರಿ ಯಾವುದೆಂದು ಕೇಳಿದರು. ಗಿಣ್ಣು ಮತ್ತು ತುಪ್ಪ ಮಾರಿ ಆರಂಭಿಸಿದ ಅವರು ಮುಂದೆ ಮದೀನದ ದೊಡ್ಡ ಶ್ರೀಮಂತರಲ್ಲಿ ಒಬ್ಬರಾದರು. ಕಳೆದುಕೊಂಡದ್ದನ್ನು ಎಣಿಸುತ್ತಾ ಅವರು ಕೂರಲಿಲ್ಲ. ಪದವಿ ಒಂದು ಒಳ್ಳೆಯ ಸಾಧನ, ಅದಕ್ಕಾಗಿ ಶ್ರಮಿಸಬೇಕು. ಆದರೆ ಅನ್ನ ನೀಡುವವನು ಅಲ್ಲಾಹನು, ಯಾವ ಸಂಸ್ಥೆಯೂ ಅಲ್ಲ.

ತಂದೆ ತಾಯಂದಿರೊಡನೆ ಒಂದು ಮಾತು

ಉಹುದ್‌ನ ನಂತರ ಆ ಅನುಚರರನ್ನು ಹೇಗೆ ಕಾಣಬೇಕೆಂದೂ ಅದೇ ಅಧ್ಯಾಯ ಪ್ರವಾದಿವರ್ಯರಿಗೆ(ಸ) ತಿಳಿಸುತ್ತದೆ. ಅವರನ್ನು ಕ್ಷಮಿಸಬೇಕು, ಅವರಿಗಾಗಿ ಪಾಪವಿಮೋಚನೆ ಬೇಡಬೇಕು, ವ್ಯವಹಾರಗಳಲ್ಲಿ ಅವರ ಸಲಹೆ ಕೇಳುತ್ತಿರಬೇಕು. ಕಠೋರ ಹೃದಯಿಯಾಗಿದ್ದರೆ ಅವರೆಲ್ಲ ಸುತ್ತಮುತ್ತಲಿಂದ ಚದುರಿಹೋಗುತ್ತಿದ್ದರೆಂಬ ಸೂಚನೆಯೂ ಅಲ್ಲಿದೆ. ಯುದ್ಧಭೂಮಿಯ ತಪ್ಪಿಗೇ ಇಷ್ಟು ಮೃದುತ್ವವಿದ್ದರೆ, ಪರೀಕ್ಷೆಯಲ್ಲಿ ಹಿಂದುಳಿದ ಮಗುವಿಗೆ ಎಷ್ಟಿರಬೇಕು?

ನಾವೇನು ಮಾಡುತ್ತೇವೆ? ದೊಡ್ಡಪ್ಪನ ಮಗನನ್ನು ತೋರಿಸಿ ಹೋಲಿಸುತ್ತೇವೆ. ಖರ್ಚಾದ ಹಣವನ್ನು ಊಟದ ಹೊತ್ತಿಗೆ ನೆನಪಿಸುತ್ತೇವೆ. ಮಗ ಸೋತರೆ ಇನ್ನೊಂದು ಅವಕಾಶ, ಮಗಳು ಸೋತರೆ ಓದಿದ್ದು ಸಾಕು, ಗಂಡು ನೋಡೋಣ ಎಂದು ಎರಡು ತಕ್ಕಡಿ ಹಿಡಿಯುತ್ತೇವೆ. ಇದು ನ್ಯಾಯವೇ? ಹತ್ತು ವರ್ಷ ಪ್ರವಾದಿವರ್ಯರ(ಸ) ಸೇವೆಯಲ್ಲಿದ್ದ ಹಝ್ರತ್ ಅನಸ್(ರ), ಮಾಡಿದ ಕೆಲಸವನ್ನು ಯಾಕೆ ಮಾಡಿದೆಯೆಂದಾಗಲಿ, ಮಾಡದ್ದನ್ನು ಯಾಕೆ ಮಾಡಲಿಲ್ಲವೆಂದಾಗಲಿ ಅವರು ತನ್ನನ್ನು ಎಂದೂ ಗದರಿಸಲಿಲ್ಲವೆಂದು ಸ್ಮರಿಸಿದ್ದಾರೆ. ಮಕ್ಕಳ ಮುಂದಿನ ಹೆಜ್ಜೆಯ ಬಗ್ಗೆ ಮಕ್ಕಳನ್ನೇ ಕೂರಿಸಿಕೊಂಡು ಕೇಳಿ. ಸಲಹೆ ಕೇಳಲ್ಪಟ್ಟವನಿಗೆ ತಾನಿನ್ನೂ ಬೇಕಾದವನೆಂಬ ನಂಬಿಕೆ ಮರಳುತ್ತದೆ.

ಇನ್ನೊಂದು ಸಂಗತಿಯನ್ನು ಕಡೆಗಣಿಸಬೇಡಿ. ವಾರಗಟ್ಟಲೆ ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ಬದುಕಿ ಏನು ಪ್ರಯೋಜನವೆಂಬ ಮಾತು ಬರುತ್ತಿದೆ ಎಂದಾದರೆ ಅದನ್ನು ವಿಶ್ವಾಸದ ದೌರ್ಬಲ್ಯವೆಂದು ಹೀಯಾಳಿಸಬೇಡಿ, ಕೂಡಲೇ ವೈದ್ಯರಿಗೆ ತೋರಿಸಿ. ಚಿಕಿತ್ಸೆ ಪಡೆಯಬೇಕೆಂಬುದು ಪ್ರವಾದಿವರ್ಯರ(ಸ) ಬೋಧನೆ. ಸರಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಪ್ರಾಣವು ಅಲ್ಲಾಹನ ಅಮಾನತು. ಯಾವ ಪರೀಕ್ಷೆಯೂ ಅದಕ್ಕಿಂತ ದೊಡ್ಡದಲ್ಲ.

ಪ್ರವಾದಿ ಯಅ್‌ಕೂಬರು(ಅ) ಯೂಸುಫರನ್ನು(ಅ) ಕಳಕೊಂಡು ಅತ್ತು ಅತ್ತು ಕಣ್ಣು ಬೆಳ್ಳಗಾಗಿಸಿಕೊಂಡಿದ್ದರು. ಆದರೂ ಹೋಗಿ ಹುಡುಕಿರೆಂದು ಮಕ್ಕಳನ್ನು ಕಳುಹಿಸಿದರು, ಅಲ್ಲಾಹನ ಕಾರುಣ್ಯದ ಬಗ್ಗೆ ನಿರಾಶರಾಗಬಾರದೆಂದು ಬೋಧಿಸಿದರು. ಕಣ್ಣೀರು ಮತ್ತು ಭರವಸೆ ಒಂದೇ ಹೃದಯದಲ್ಲಿ ಇರಬಲ್ಲವು.

ಆದ್ದರಿಂದ ಸಹೋದರ ಸಹೋದರಿಯರೇ, ನಾಳೆ ಬೆಳಗ್ಗೆ ಮೊದಲು ಫಜ್ರ್ ನಮಾಝ್‌ಗೆ ಏಳಿರಿ. ಬಳಿಕ ಆ ಹಾಳೆಯನ್ನು ತೆರೆದು ಅತಿ ಕಡಿಮೆ ಅಂಕ ಬಂದ ವಿಭಾಗದ ಮುಂದೆ ಗುರುತು ಹಾಕಿರಿ. ಅದರಿಂದಲೇ ದಿನಕ್ಕೆ ಒಂದು ಗಂಟೆಯಂತೆ ಆರಂಭಿಸಿರಿ. ಹೆಚ್ಚೇನೂ ಬೇಡ, ನಿಲ್ಲಿಸದೆ ಮಾಡಿರಿ. ಅಲ್ಪವಾದರೂ ನಿರಂತರವಾಗಿ ಮಾಡುವ ಕರ್ಮವೇ ಅಲ್ಲಾಹನಿಗೆ ಹೆಚ್ಚು ಪ್ರಿಯವೆಂದು ನಮಗೆ ಕಲಿಸಲಾಗಿದೆ.

ನಮ್ಮ ಮಕ್ಕಳ ಶ್ರಮವನ್ನು ಅಲ್ಲಾಹನು ಸ್ವೀಕರಿಸಲಿ, ಅವರಿಗೆ ಒಳಿತಾದ ಬಾಗಿಲನ್ನು ತೆರೆಯಲಿ, ಸೋಲಿನಲ್ಲಿ ಸಹನೆಯನ್ನೂ ಗೆಲುವಿನಲ್ಲಿ ವಿನಯವನ್ನೂ ಕರುಣಿಸಲಿ. ಆಮೀನ್.